ಸೌಂಡ್‌ಬಾರ್ ಸಾಕಾ, ಜೋಡಿ ಸ್ಪೀಕರ್ ಬೇಕಾ? ಮುಂಬೈ ಮನೆಯ ಹಾಲ್‌ಗೆ ಯಾವುದು ಸರಿ

ಹೊಸ ಟಿವಿ ಬಂದಿರುತ್ತದೆ. ಚಿತ್ರ ನೋಡಿದರೆ ಕಣ್ಣಿಗೆ ಹಬ್ಬ. ಮಾತು ಮಾತ್ರ ಸರಿಯಾಗಿ ಕೇಳಿಸುವುದಿಲ್ಲ. ವಾಲ್ಯೂಮ್ 20ರಿಂದ 40ಕ್ಕೆ ಏರಿಸಿದರೂ ಅಜ್ಜಿ "ಏನಂದ ಅವನು?" ಅಂತ ಕೇಳುತ್ತಲೇ ಇರುತ್ತಾರೆ. ತಪ್ಪು ಅಜ್ಜಿಯ ಕಿವಿಯದ್ದಲ್ಲ. ಟಿವಿ ತೆಳ್ಳಗಾದಷ್ಟೂ ಒಳಗೆ ಸ್ಪೀಕರ್‌ಗೆ ಜಾಗ ಕಡಿಮೆಯಾಯಿತು. ಹೆಚ್ಚಿನ ಟಿವಿಗಳಲ್ಲಿ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ದನಿ ಗೋಡೆಗೆ ಬಡಿದು ಸುತ್ತಿಬಳಸಿ ನಮ್ಮ ಹತ್ತಿರ ಬರುತ್ತದೆ. ಇದರ ಮೇಲೆ ನಮ್ಮ ಮುಂಬೈ ಬೇರೆ. ಫ್ಯಾನ್ 5ರಲ್ಲಿ ಓಡುತ್ತಿರುತ್ತದೆ, ಸೆಕೆಗೆ ಕಿಟಕಿ ತೆರೆದೇ ಇರುತ್ತದೆ, ಕೆಳಗೆ ರಿಕ್ಷಾ ಹಾರ್ನ್. ಹಳಿ ಪಕ್ಕದ ಬಿಲ್ಡಿಂಗ್ ಆದರೆ ನಾಯಕ ಏನೋ ಮುಖ್ಯವಾದದ್ದು ಹೇಳುವ ಹೊತ್ತಿಗೇ ಲೋಕಲ್ ಬರುತ್ತದೆ.

ಹಾಗಾಗಿ ಹೊರಗಿನಿಂದ ಸ್ಪೀಕರ್ ಸೇರಿಸಬೇಕು ಅನ್ನುವ ತೀರ್ಮಾನಕ್ಕೆ ಎಲ್ಲರೂ ಬರುತ್ತಾರೆ. ಗೊಂದಲ ಶುರುವಾಗುವುದು ಅಲ್ಲಿಂದ. ಟಿವಿ ಕೆಳಗೆ ಉದ್ದಕ್ಕೆ ಮಲಗಿಸುವ ಸೌಂಡ್‌ಬಾರ್ ತರುವುದಾ, ಎಡಕ್ಕೊಂದು ಬಲಕ್ಕೊಂದು ನಿಲ್ಲಿಸುವ ಹಳೇ ರೀತಿಯ ಜೋಡಿ ಸ್ಪೀಕರಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಧಾರಾವಾಹಿ, ವಾರ್ತೆ, ಕ್ರಿಕೆಟ್, ರಾತ್ರಿ ಒಂದು ಸಿನಿಮಾ ಇಷ್ಟೇ ನಡೆಯುವುದಾದರೆ, ಐದಾರು ಜನ ಒಟ್ಟಿಗೆ ಕೂತು ನೋಡುವುದಾದರೆ, ಮಧ್ಯದಲ್ಲಿ ಮಾತಿಗೇ ಬೇರೆ ಸ್ಪೀಕರ್ ಇರುವ ಸೌಂಡ್‌ಬಾರ್ ತನ್ನಿ. ಮನೆಯಲ್ಲಿ ಒಬ್ಬರಾದರೂ ಕೂತು ಹಾಡು ಕೇಳುವವರಿದ್ದರೆ, ಯಕ್ಷಗಾನವೋ ಭೀಮಸೇನ ಜೋಶಿಯವರ ಖಯಾಲೋ ಹಾಕಿಕೊಂಡು ಬೇರೆ ಕೆಲಸ ಬಿಟ್ಟು ಕೇಳುವವರಿದ್ದರೆ, ಅದೇ ದುಡ್ಡಿಗೆ ಜೋಡಿ ಸ್ಪೀಕರ್ ತನ್ನಿ. ಅಂಗಡಿಯಲ್ಲಿ ಹೇಳುವ ವ್ಯಾಟ್ ಲೆಕ್ಕ, ಚಾನೆಲ್ ಲೆಕ್ಕ ಎಲ್ಲ ಇದಾದ ಮೇಲಿನ ಮಾತು.

ಹಾಡಿನ ವಿಷಯ

ಸ್ಟೀರಿಯೋ ಅನ್ನುವುದು ಎರಡು ಸ್ಪೀಕರ್‌ಗಳ ನಡುವಿನ ಜಾಗದಲ್ಲಿ ಹುಟ್ಟುವ ಸಂಗತಿ. ಬ್ರಿಟನ್ನಿನ ಇಂಜಿನಿಯರ್ ಅಲನ್ ಬ್ಲಮ್ಲೈನ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ಅಂದಿನಿಂದ ಇಂದಿನವರೆಗೂ ತತ್ವ ಬದಲಾಗಿಲ್ಲ. ಎಡ ಸ್ಪೀಕರ್, ಬಲ ಸ್ಪೀಕರ್, ನೀವು, ಮೂವರೂ ಸಮಬಾಹು ತ್ರಿಕೋನದ ಮೂರು ಮೂಲೆಯಲ್ಲಿದ್ದರೆ ಒಳ್ಳೆಯದು. ಅಂದರೆ ನೀವು ಕೂತ ಜಾಗದಿಂದ ಎರಡೂ ಸ್ಪೀಕರ್‌ಗಳ ನಡುವೆ 60 ಡಿಗ್ರಿ ಕೋನ. ಆಗ ಹಾಡುವವರು ನಟ್ಟನಡುವೆ ಕೂತಂತೆ, ತಬಲಾ ಒಂದು ಕಡೆ, ಹಾರ್ಮೋನಿಯಂ ಇನ್ನೊಂದು ಕಡೆ ಇದ್ದಂತೆ ಕೇಳುತ್ತದೆ.

ಈಗ ನಮ್ಮ ಹಾಲ್‌ಗೆ ಬನ್ನಿ. 10 ಅಡಿ ಅಗಲ, 14 ಅಡಿ ಉದ್ದ ಅಂತಿಟ್ಟುಕೊಳ್ಳಿ. ಉದ್ದದ ಗೋಡೆಗೆ ಟಿವಿ, ಎದುರು ಗೋಡೆಗೆ ಸೋಫಾ. ಕಿವಿಯಿಂದ ಟಿವಿಗೆ ಏಳೂವರೆ ಅಡಿ. 3 ಅಡಿ ಉದ್ದದ ಸೌಂಡ್‌ಬಾರ್ ಇಟ್ಟರೆ ಅದರ ಎರಡು ತುದಿಗಳ ನಡುವೆ ಸಿಗುವ ಕೋನ ಹೆಚ್ಚೆಂದರೆ 23 ಡಿಗ್ರಿ. ಅದೇ ಟಿವಿಯ ಆಚೀಚೆ ಒಂದಕ್ಕೊಂದು 6 ಅಡಿ ದೂರದಲ್ಲಿ ಎರಡು ಸ್ಪೀಕರ್ ಇಟ್ಟರೆ ಸುಮಾರು 44 ಡಿಗ್ರಿ. 60 ಆಗಲಿಲ್ಲ ನಿಜ, ಆದರೆ ಹೆಚ್ಚುಕಡಿಮೆ ಎರಡು ಪಟ್ಟು ಅಗಲ ಸಿಕ್ಕಿತು. ಸೌಂಡ್‌ಬಾರ್‌ಗಳು ಈ ಕೊರತೆಯನ್ನು ಒಳಗಿನ ಪ್ರೊಸೆಸಿಂಗ್‌ನಿಂದ, ಗೋಡೆಗೆ ದನಿ ಹಾಯಿಸುವುದರಿಂದ ತುಂಬಿಸಲು ನೋಡುತ್ತವೆ. ಸಿನಿಮಾದ ಮಳೆ, ಕ್ರಿಕೆಟ್‌ನ ಜನರ ಕೂಗು ಇಂಥದ್ದಕ್ಕೆ ಇದು ಚೆನ್ನಾಗಿಯೇ ನಡೆಯುತ್ತದೆ. ಹಾಡುವ ದನಿಗೆ ನಡೆಯುವುದಿಲ್ಲ. ದನಿ ಹಿಗ್ಗಿದ ಹಾಗೆ, ಎಲ್ಲಿಂದ ಬರುತ್ತಿದೆ ಅಂತ ತಿಳಿಯದ ಹಾಗೆ ಆಗುತ್ತದೆ.

ಇನ್ನೊಂದು, ಡ್ರೈವರ್‌ನ ಗಾತ್ರ. ಡ್ರೈವರ್ ಅಂದರೆ ಪೆಟ್ಟಿಗೆಯೊಳಗೆ ಅಲುಗಾಡುವ ಆ ದುಂಡನೆಯ ಕೋನ್. ಸೌಂಡ್‌ಬಾರ್ ಟಿವಿ ಕೆಳಗೆ ಹಿಡಿಸಬೇಕಲ್ಲ, ಹಾಗಾಗಿ ಅದರೊಳಗಿನವು ಎರಡು, ಎರಡೂವರೆ ಇಂಚಿನವು. ಸಾಧಾರಣ ಬುಕ್‌ಶೆಲ್ಫ್ ಸ್ಪೀಕರ್‌ನಲ್ಲಿ (ಜೋಡಿಯಾಗಿ ಬರುವ ಚಿಕ್ಕ ಪೆಟ್ಟಿಗೆಗಳು ಇವು) ವೂಫರ್, ಅಂದರೆ ಕೆಳದನಿಯ ಡ್ರೈವರ್, 5 ಇಂಚಿನಿಂದ ಆರೂವರೆ ಇಂಚು. 5 ಇಂಚಿನ ಕೋನ್‌ಗೆ ಎರಡೂವರೆ ಇಂಚಿನದ್ದರ ನಾಲ್ಕು ಪಟ್ಟು ಮೈ ಇರುತ್ತದೆ. ಗಂಡು ದನಿಯ ಎದೆಯ ಭಾಗ, ಮದ್ದಳೆಯ ಗುಂಯ್ ಅನ್ನುವ ಎಡ ಮುಚ್ಚಿಗೆ, ತಂಬೂರಿಯ ಮಂದ್ರ ಇವೆಲ್ಲ ಬರಬೇಕಾದರೆ ಗಾಳಿ ತಳ್ಳಲು ಈ ಮೈ ಬೇಕು. ಸೌಂಡ್‌ಬಾರ್ ಈ ಕೆಲಸವನ್ನು ಸಬ್‌ವೂಫರ್‌ಗೆ, ಅಂದರೆ ಬೇಸ್‌ಗೆಂದೇ ಇರುವ ಬೇರೆ ಪೆಟ್ಟಿಗೆಗೆ, ದಾಟಿಸುತ್ತದೆ. ಅಗ್ಗದ ಸೆಟ್‌ಗಳಲ್ಲಿ ಬಾರ್ ಕೆಳಗಿಳಿಯಲಾರದ, ಸಬ್ ಮೇಲೇರಲಾರದ ಒಂದು ಅಂತರ ನಡುವೆ ಉಳಿದುಬಿಡುತ್ತದೆ. ಗಂಡಸಿನ ದನಿಯ ಕೆಳಭಾಗ ಸರಿಯಾಗಿ ಅಲ್ಲೇ ಇದೆ.

ಯಕ್ಷಗಾನ ಕೇಳುವ ಮನೆಗಳಿಗೆ ಒಂದು ಮಾತು. ಯೂಟ್ಯೂಬ್‌ನಲ್ಲಿ ಸಿಗುವ ಆಟದ ರೆಕಾರ್ಡಿಂಗ್‌ಗಳು ಹೆಚ್ಚಿನವು ಎರಡು ಚಾನೆಲ್‌ನವು, ಅಂದರೆ ಎಡಕ್ಕೊಂದು ಬಲಕ್ಕೊಂದು ದನಿ; ಎಷ್ಟೋ ಬರೀ ಮೋನೋ, ಎರಡಕ್ಕೂ ಒಂದೇ ದನಿ. ಅದಕ್ಕೆ ಅಟ್ಮಾಸ್‌ನಿಂದ, ಅಂದರೆ ಮೇಲಿನಿಂದಲೂ ದನಿ ಬಂದಂತೆ ಕೇಳಿಸುವ ಡಾಲ್ಬಿ ಕಂಪನಿಯ ತಂತ್ರದಿಂದ, ಕವಡೆ ಲಾಭವಿಲ್ಲ. ಅಲ್ಲಿ ಬೇಕಾದದ್ದು ಚೆಂಡೆಯ ಏಟು ಮೊನಚಾಗಿ, ಆದರೆ ಕಿವಿ ಚುಚ್ಚದ ಹಾಗೆ ಬರುವುದು. ಚೆಂಡೆ ಏರಿದಾಗ ಭಾಗವತರ ಪದ ಅದರಡಿಗೆ ಮುಳುಗಬಾರದು. ಗೆಜ್ಜೆ, ತಾಳ, ಚೆಂಡೆ, ಪದ ನಾಲ್ಕೂ ಬೇರೆ ಬೇರೆ ಕೇಳಬೇಕು. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬೈಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂತು ಕೇಳಿ, ಅಥವಾ ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ಒಂದು ಕಛೇರಿಗೆ ಹೋಗಿ ಬನ್ನಿ. ನಿಜವಾದ ದನಿ ಕಿವಿಯಲ್ಲಿದ್ದರೆ ಅಂಗಡಿಯವನ ಮಾತು ನಿಮ್ಮನ್ನು ಅಲ್ಲಾಡಿಸಲಾರದು.

ಇಡುವ ಜಾಗವೇ ಅರ್ಧ ಬೆಲೆ

ಜೋಡಿ ಸ್ಪೀಕರ್ ಬಗ್ಗೆ ಇರುವ ದೊಡ್ಡ ದೂರು, "ತಂದೆವು, ಏನೂ ವ್ಯತ್ಯಾಸ ಗೊತ್ತಾಗಲಿಲ್ಲ" ಅನ್ನುವುದು. ಮುಲುಂಡ್‌ನಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಹೀಗೇ ಆಗಿತ್ತು. ಒಳ್ಳೆ ಸ್ಪೀಕರ್‌ಗಳೇ. ಒಂದು ಗೋದ್ರೆಜ್ ಕಪಾಟಿನ ತಲೆಯ ಮೇಲೆ ಕೂತಿತ್ತು. ಇನ್ನೊಂದು ಚಪ್ಪಲಿ ಸ್ಟ್ಯಾಂಡ್ ಪಕ್ಕ ನೆಲದ ಮೇಲೆ, ಪರದೆಯ ಹಿಂದೆ. "ಭಾಗವತರು ಯಾವುದೋ ಮೂಲೆಯಿಂದ ಹಾಡಿದ ಹಾಗೆ ಕೇಳ್ತದೆ ಮಾರಾಯ" ಅಂದರು ಮಾವ.

ಹಿಂದೆ ಕೈ ಹಾಕಿ ನೋಡಿದರೆ ಒಂದು ಸ್ಪೀಕರ್‌ನ ವೈರ್ ತಿರುಗಾಮುರುಗಾ. ಸ್ಪೀಕರ್ ವೈರ್‌ನ ಎರಡು ಎಳೆಗಳಲ್ಲಿ ಒಂದಕ್ಕೆ ಕೆಂಪು ಗೆರೆ ಇರುತ್ತದೆ. ಅದು ಆಂಪ್ಲಿಫೈಯರ್ (ಸ್ಪೀಕರ್‌ಗಳಿಗೆ ಬಲ ಕೊಡುವ ಪೆಟ್ಟಿಗೆ) ಕಡೆ ಕೆಂಪು ತಿರುಪಿಗೆ ಹೋಗಿತ್ತು, ಸ್ಪೀಕರ್ ಕಡೆ ಕಪ್ಪಿಗೆ ಸೇರಿತ್ತು. ಹೀಗಾದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ಬೇಸ್ ಕರಗಿಹೋಗುತ್ತದೆ, ನಡುವಿನ ದನಿ ಚದುರುತ್ತದೆ. ವೈರ್ ಸರಿ ಮಾಡಿದೆವು. ಎರಡು ಗಟ್ಟಿ ಸ್ಟೂಲ್ ತಂದು ಟಿವಿಯ ಆಚೀಚೆ ಇಟ್ಟು, ಕೂತಾಗ ಕಿವಿ ಬರುವ ಎತ್ತರಕ್ಕೆ, ನೆಲದಿಂದ ಸುಮಾರು 3 ಅಡಿಗೆ, ಸ್ಪೀಕರ್ ಏರಿಸಿದೆವು. ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಮುಖ ಸ್ವಲ್ಪ ಸೋಫಾದ ಕಡೆ ತಿರುಗಿಸಿದೆವು. ಅದೇ ಪದ ಮತ್ತೆ ಹಾಕಿದಾಗ ಮಾವ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಅಡುಗೆಮನೆಗೆ ಕೂಗಿದರು, "ಇಲ್ಲಿ ಬಾರೇ, ನಡುವಲ್ಲಿ ಕೂತು ಕೇಳು ಒಮ್ಮೆ." ಖರ್ಚು ಒಂದು ರೂಪಾಯಿಯೂ ಆಗಿರಲಿಲ್ಲ.

ಆದ್ದರಿಂದ ಜೋಡಿ ಸ್ಪೀಕರ್ ತರುವ ಮೊದಲು ಟೇಪ್ ಹಿಡಿದು ಅಳೆಯಿರಿ. ಟಿವಿಯ ಎರಡೂ ಬದಿಗೆ ಒಂದೇ ಎತ್ತರದಲ್ಲಿ, 5–6 ಅಡಿ ಅಂತರದಲ್ಲಿ ಇಡುವ ಜಾಗ ಇದೆಯಾ? ಒಂದು ಕಡೆ ಬಾಗಿಲು, ಇನ್ನೊಂದು ಕಡೆ ದೇವರ ಮಂಟಪ, ಫ್ರಿಜ್ ಇಡಲೂ ಹಾಲೇ ಗತಿ ಅನ್ನುವ ಮನೆಯಾದರೆ ಅಲ್ಲಿ ಜೋಡಿ ಸ್ಪೀಕರ್‌ಗೆ ನ್ಯಾಯ ಸಿಗುವುದಿಲ್ಲ. ಅಂಥ ಮನೆಗೆ ಸೌಂಡ್‌ಬಾರ್ ಸರಿ. ಡೊಂಬಿವಿಲಿ, ನೆರೂಲ್, ಮೀರಾ ರೋಡ್ ಕಡೆ 11 ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿರುವವರೂ ಇದನ್ನು ಯೋಚಿಸಬೇಕು. ಗೋಡೆಗೆ ಮೊಳೆ ಹೊಡೆದರೆ ಡಿಪಾಸಿಟ್‌ನಿಂದ ಕತ್ತರಿ. ಸೌಂಡ್‌ಬಾರ್ ಆದರೆ ಮೂಲ ಡಬ್ಬದಲ್ಲೇ ಮತ್ತೆ ತುಂಬಿ ಹೊರಡಬಹುದು. ನೆಲದಲ್ಲಿ ಹರಿದಾಡುವ ಮಗುವಿರುವ ಮನೆಗೂ ಅಷ್ಟೇ. ಸ್ಟೂಲ್ ಮೇಲಿನ ಐದು ಕಿಲೋ ಪೆಟ್ಟಿಗೆ ಮಗುವಿನ ಕೈಗೆ ಸಿಗಬಾರದು.

ಸಿನಿಮಾ ಮತ್ತು ಮಾತು

ಇಲ್ಲಿ ಸೌಂಡ್‌ಬಾರ್‌ನ ಪರ ನಾನು ಜೋರಾಗಿಯೇ ಮಾತಾಡುತ್ತೇನೆ. 5.1 ಧ್ವನಿ, ಅಂದರೆ ಐದು ಕಡೆಯ ದನಿ ಮತ್ತು ಬೇಸ್‌ಗೆ ಬೇರೊಂದು, ಇರುವ ಸಿನಿಮಾದಲ್ಲಿ ಮಾತು ಬಹುಪಾಲು ನಡುವಿನ ಚಾನೆಲ್‌ನಿಂದ ಬರುತ್ತದೆ. ಎರಡೇ ಸ್ಪೀಕರ್ ಇದ್ದರೆ ಆ ಮಾತನ್ನು ಎರಡಕ್ಕೂ ಹಂಚುತ್ತಾರೆ. ನಟ್ಟನಡುವೆ ಕೂತವರಿಗೆ ಮಾತು ತೆರೆಯಿಂದಲೇ ಬಂದಂತೆ ಕೇಳುತ್ತದೆ. ಆದರೆ ಅಪ್ಪ ಆರಾಮಕುರ್ಚಿಯಲ್ಲಿ ಒಂದು ಮೂಲೆಗೆ, ಮಕ್ಕಳು ನೆಲದ ಮೇಲೆ ಇನ್ನೊಂದು ಮೂಲೆಗೆ. ಅವರಿಗೆ ಎಲ್ಲ ಮಾತೂ ಹತ್ತಿರದ ಸ್ಪೀಕರ್‌ನಿಂದಲೇ ಬರುತ್ತದೆ. ನಡುವಿಗೆ ಬೇರೆ ಸ್ಪೀಕರ್ ಇದ್ದರೆ ಎಲ್ಲಿ ಕೂತರೂ ಮಾತು ಟಿವಿಯಿಂದಲೇ ಬರುತ್ತದೆ.

ಡಬ್ಬದ ಮೇಲಿನ ಅಂಕಿಯನ್ನು ಹೀಗೆ ಓದಿ. ಮೊದಲ ಅಂಕಿ ಕಿವಿಮಟ್ಟದ ಚಾನೆಲ್‌ಗಳು, ಎರಡನೆಯದು ಸಬ್‌ವೂಫರ್, ಮೂರನೆಯದು ಇದ್ದರೆ ಮೇಲಿನಿಂದ ಬರುವ ದನಿಗೆ. 2.1 ಅಂದರೆ ನಡುವಿನದ್ದು ಇಲ್ಲ. 3.1 ಅಂದರೆ ಇದೆ. ಮನೆಯಲ್ಲಿ ವಯಸ್ಸಾದವರಿದ್ದರೆ 2.1 ಬೇಡ, 3.1 ನೋಡಿ. ಇದೊಂದು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಮಾತನ್ನು ಮಾತ್ರ ಎತ್ತಿ ಕೊಡುವ ಬಟನ್, ರಾತ್ರಿಗೆ ನೈಟ್ ಮೋಡ್ ಇವೆಯಾ ಅಂತಲೂ ನೋಡಿ. ಸಿನಿಮಾದಲ್ಲಿ ಪಿಸುಮಾತು ತೀರಾ ಸಣ್ಣಗೆ, ಸ್ಫೋಟ ತೀರಾ ದೊಡ್ಡದಾಗಿ ಇರುತ್ತದೆ. ನೈಟ್ ಮೋಡ್ ಈ ಅಂತರ ತಗ್ಗಿಸುತ್ತದೆ. ರಿಮೋಟ್ ಹಿಡಿದು ಏರಿಸುವುದು ಇಳಿಸುವುದು ತಪ್ಪುತ್ತದೆ.

ಅಟ್ಮಾಸ್ ಬೇಕಾ? ಡಾಲ್ಬಿಯವರು ಇದನ್ನು ಥಿಯೇಟರ್‌ಗೆ ತಂದದ್ದು 2012ರಲ್ಲಿ, ಮನೆಗಳಿಗೆ 2014ರಲ್ಲಿ. ಸೌಂಡ್‌ಬಾರ್‌ನಲ್ಲಿ ಅದು ಕೆಲಸ ಮಾಡುವುದು ದನಿಯನ್ನು ಸೀಲಿಂಗ್‌ಗೆ ಹೊಡೆದು ಕೆಳಕ್ಕೆ ಪುಟಿಸಿ. ಸೀಲಿಂಗ್ ಸಪಾಟಾಗಿರಬೇಕು, ಏಳೂವರೆಯಿಂದ 12 ಅಡಿ ಎತ್ತರ ಇದ್ದರೆ ಒಳ್ಳೆಯದು ಅನ್ನುತ್ತಾರೆ ಡಾಲ್ಬಿಯವರೇ. ನಮ್ಮ ಫ್ಲ್ಯಾಟ್‌ಗಳ ಎತ್ತರ ಇದಕ್ಕೆ ಹೊಂದುತ್ತದೆ. ಆದರೆ ಪಿಒಪಿ ಮಾಡಿಸಿ ಅಂತಸ್ತು ಅಂತಸ್ತಾಗಿ ಕತ್ತರಿಸಿದ ಸೀಲಿಂಗ್, ನಡುವೆ ತಿರುಗುವ ಫ್ಯಾನ್ ಇದ್ದರೆ ಪುಟಿಯುವ ದನಿ ಚದುರುತ್ತದೆ. ಪಕ್ಕದ ಗೋಡೆಯಿಂದ ಪುಟಿಸಬೇಕಾದ ದನಿಗೂ ಇದೇ ಕಷ್ಟ. ಹಾಲ್‌ನ ಒಂದು ಬದಿ ಗೋಡೆ, ಇನ್ನೊಂದು ಬದಿ ಬಾಲ್ಕನಿ ಅಥವಾ ಪ್ಯಾಸೇಜ್ ಆಗಿದ್ದರೆ ಒಂದು ಕಡೆ ಮಾತ್ರ ಸುತ್ತಿದ ಹಾಗೆ ಕೇಳುತ್ತದೆ. ಹಿಂದೆ ಇಡುವ ಎರಡು ಚಿಕ್ಕ ಸ್ಪೀಕರ್ ಡಬ್ಬದಲ್ಲೇ ಬರುವ ಸೆಟ್‌ಗಳು, ಅಟ್ಮಾಸ್ ಅಂತ ಬರೆದುಕೊಂಡ ಒಂಟಿ ಬಾರ್‌ಗಿಂತ ನನಗೆ ಹೆಚ್ಚು ಇಷ್ಟ. ಅವುಗಳ ದನಿ ಗೋಡೆಯನ್ನು ನಂಬಿಕೊಂಡಿಲ್ಲ.

ನಿಜವಾದ 5.1 ಬೇಕು, ಎವಿ ರಿಸೀವರ್ (ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಇಟ್ಟು ಐದೂ ಕಡೆ ವೈರ್ ಎಳೆಯುತ್ತೇನೆ ಅನ್ನುವವರು ಸ್ವಂತ ಮನೆಯಲ್ಲಿದ್ದು, ರಿನೊವೇಶನ್ ಮಾಡಿಸುತ್ತಿದ್ದರೆ ಮಾತ್ರ ಮುಂದುವರಿಯಿರಿ. ಗೋಡೆ ಒಡೆದಿರುವಾಗಲೇ ಪೈಪ್ ಹಾಕಿಸಿಬಿಡಿ.

ಕೆಳಗಿನ ಮನೆಯವರು

ಸಬ್‌ವೂಫರ್ ಬಗ್ಗೆ ಯೋಚಿಸದೆ ಕೊಳ್ಳುವವರೇ ಜಾಸ್ತಿ. ಹೆಚ್ಚಿನ ಸೌಂಡ್‌ಬಾರ್ ಜೊತೆ ಅದು ಬಂದೇಬರುತ್ತದೆ ಅಲ್ವಾ, ಹಾಗಾಗಿ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 28 ಅಡಿ. ನಿಮ್ಮ ಹಾಲ್‌ನ ಉದ್ದಕ್ಕೆ ಎರಡು ಪಟ್ಟು. ಪರದೆ, ಸೋಫಾ, ಬಾಗಿಲು ಯಾವುದೂ ಅದನ್ನು ತಡೆಯುವುದಿಲ್ಲ. ಪೆಟ್ಟಿಗೆಯ ನಡುಕ ಸ್ಲ್ಯಾಬ್‌ನ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ನಿಮಗೆ ಸಾಧಾರಣ ಅನಿಸಿದ್ದು ಅವರಿಗೆ ತಲೆಯ ಮೇಲೆ ದಬ್ ದಬ್. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮ 2000ದ್ದು. ಅದರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಸೊಸೈಟಿ ಮೀಟಿಂಗ್‌ನಲ್ಲಿ ಹೆಸರು ಬರುವ ಮೊದಲು ನಾವೇ ಎಚ್ಚರ ವಹಿಸುವುದು ಮೇಲು.

ಸಬ್ಬನ್ನು ಮೂಲೆಗೆ ತುರುಕಬೇಡಿ. ಮೂಲೆಯಲ್ಲಿ ಬೇಸ್ ಉಬ್ಬುತ್ತದೆ. ಕೆಳಗೆ ದಪ್ಪ ರಬ್ಬರ್ ಶೀಟ್ ಹಾಕಿ, ಮಟ್ಟವನ್ನು ಕಂಪನಿ ಇಟ್ಟದ್ದಕ್ಕಿಂತ ಎರಡು ಮೂರು ಮೆಟ್ಟಿಲು ಇಳಿಸಿ. ಸಬ್ ಇದೆ ಅಂತ ಗೊತ್ತೇ ಆಗಬಾರದು, ಆಫ್ ಮಾಡಿದರೆ ಮಾತ್ರ ಏನೋ ಕಡಿಮೆಯಾಯಿತು ಅನಿಸಬೇಕು. ಅಲ್ಲಿಗೆ ನಿಲ್ಲಿಸಿ. ಜೋಡಿ ಬುಕ್‌ಶೆಲ್ಫ್ ಸ್ಪೀಕರ್‌ಗೆ ಇಂಥ ಹಾಲ್‌ನಲ್ಲಿ ಸಬ್ ಬೇಕೇ ಬೇಕು ಅಂತಿಲ್ಲ. ನೆರೆಹೊರೆಯ ದೃಷ್ಟಿಯಿಂದ ಅದೂ ಒಂದು ಅನುಕೂಲ.

ವೈರು, ತೂತು, ವ್ಯಾಟು

ಟಿವಿ ಹಿಂದೆ ಎಚ್‌ಡಿಎಂಐ ತೂತುಗಳಲ್ಲಿ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಎಆರ್‌ಸಿ ಅಥವಾ ಇ-ಎಆರ್‌ಸಿ ಅಂತ ಬರೆದಿರುತ್ತದೆ. ಟಿವಿಯ ದನಿ ಹೊರಗೆ ಹೋಗುವುದು ಆ ತೂತಿನಿಂದ, ಸೌಂಡ್‌ಬಾರ್ ಅದಕ್ಕೇ ಸೇರಬೇಕು. ಹಾಗೆ ಸೇರಿಸಿದರೆ ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಏರಿಸಬಹುದು. ಓಟಿಟಿ ಸಿನಿಮಾಗಳ ಅಟ್ಮಾಸ್ ಸಾಮಾನ್ಯವಾಗಿ ಸಾದಾ ಎಆರ್‌ಸಿಯಲ್ಲೂ ಹೋಗುತ್ತದೆ. ಇ-ಎಆರ್‌ಸಿ ಇಲ್ಲ ಅಂತ ಟಿವಿ ಬದಲಿಸಬೇಕಿಲ್ಲ. ಆಪ್ಟಿಕಲ್ ಕೇಬಲ್‌ನಲ್ಲಿ (ಬೆಳಕಿನ ಮೂಲಕ ದನಿ ಸಾಗಿಸುವ ವೈರ್) 5.1ರವರೆಗೆ ಬರುತ್ತದೆ, ಅಟ್ಮಾಸ್ ಬರುವುದಿಲ್ಲ. ಟಿವಿಗೆ ಬ್ಲೂಟೂತ್ ಬೇಡ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗಿಬಿಡುತ್ತದೆ.

ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಎರಡು ಪಟ್ಟಾದರೆ ದನಿ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 300 ವ್ಯಾಟ್‌ನ ಬಾರ್‌ಗೂ 600ರದ್ದಕ್ಕೂ ಇರುವ ವ್ಯತ್ಯಾಸ ಆ 3 ಡೆಸಿಬಲ್ ಅಷ್ಟೇ. 10 ಅಡಿ 14 ಅಡಿ ಹಾಲ್‌ನಲ್ಲಿ ಮಾಮೂಲಾಗಿ ಹಾಡು ಕೇಳಲು ಖರ್ಚಾಗುವುದು ಕೆಲವೇ ವ್ಯಾಟ್. ಪಿಎಂಪಿಒ (ಕ್ಷಣಮಾತ್ರದ, ಉಬ್ಬಿಸಿದ ಲೆಕ್ಕ) ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಓದಲೇಬೇಡಿ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ವ್ಯಾಟ್, ಎಷ್ಟು ಅಂತ ಕೇಳಿ.

ಎಷ್ಟು ವರ್ಷ ಬರುತ್ತದೆ

ಸೌಂಡ್‌ಬಾರ್‌ನೊಳಗೆ ಎಲ್ಲ ಒಂದೇ ಬೋರ್ಡ್. ವಾರಂಟಿ ಮುಗಿದ ಮೇಲೆ ಬೋರ್ಡ್ ಹೋದರೆ, ಆ ಮಾಡೆಲ್ ನಿಂತುಹೋಗಿದ್ದರೆ, ಇಡೀ ಬಾರ್ ಹೋದ ಹಾಗೆ. ಜೋಡಿ ಸ್ಪೀಕರ್‌ನಲ್ಲಿ ಆಂಪ್ಲಿಫೈಯರ್ ಕೆಟ್ಟರೆ ಅದನ್ನಷ್ಟೇ ರಿಪೇರಿ ಮಾಡಿಸಬಹುದು. ಕೋನ್ ಹರಿದರೆ ಹೊಸ ಕೋನ್ ಕೂರಿಸುವವರು ಇನ್ನೂ ಇದ್ದಾರೆ. ಆದರೆ ಸಮುದ್ರದ ಗಾಳಿ ಯಾರನ್ನೂ ಬಿಡುವುದಿಲ್ಲ. ಕೋನ್ ಸುತ್ತ ಇರುವ ಅಂಚು ಫೋಮ್‌ನದ್ದಾದರೆ ಈ ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ರಬ್ಬರ್ ಅಂಚಿನದ್ದನ್ನೇ ಕೇಳಿ ತನ್ನಿ. ವೈರ್‌ನ ತಾಮ್ರ ಹಸಿರುಗಟ್ಟಿದರೆ ತುದಿ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ. ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ಆನ್ ಮಾಡಿ.

ಅಂಗಡಿಯಲ್ಲಿ

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ಈಗ ಅದರ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ, ಆದರೆ ಯಾರನ್ನು ಕೇಳಿದರೂ ಹಳೇ ಹೆಸರೇ. ವಾರದ ನಡುವಿನ ದಿನ, ಬೆಳಗಿನ ಹೊತ್ತು ಹೋದರೆ ಕೂರಿಸಿ ಕೇಳಿಸುತ್ತಾರೆ. ನಿಮ್ಮದೇ ಮೊಬೈಲಿನಲ್ಲಿ ನಿಮಗೆ ಕಂಠಪಾಠವಾಗಿರುವ ಹಾಡು ಹಾಕಿ. ಅಂಗಡಿಯವರ ಡೆಮೊದಲ್ಲಿ ಗಾಜು ಒಡೆಯುವುದು, ಹೆಲಿಕಾಪ್ಟರ್ ಹಾರುವುದು ಎಲ್ಲ ಯಾವ ಪೆಟ್ಟಿಗೆಯಲ್ಲೂ ಚೆನ್ನಾಗಿಯೇ ಕೇಳುತ್ತದೆ. ಸೌಂಡ್‌ಬಾರ್ ಆದರೆ ಸಬ್ಬನ್ನು ಪೂರ್ತಿ ಇಳಿಸಿ ಬರೀ ಮಾತು ಕೇಳಿ, ಕನ್ನಡದ ವಾರ್ತೆ ಹಾಕಿ. ಒಬ್ಬರ ದನಿ ಡಬ್ಬದೊಳಗಿಂದ ಬಂದಂತಿದ್ದರೆ ಅದು ಬೇಡ. ಎರಡು ಸೆಟ್ ಹೋಲಿಸುವಾಗ ಎರಡನ್ನೂ ಒಂದೇ ಜೋರಿಗೆ ತರಲು ಹೇಳಿ, ಯಾಕೆಂದರೆ ಸ್ವಲ್ಪ ಜೋರಾಗಿರುವುದೇ ಕಿವಿಗೆ ಒಳ್ಳೆಯದು ಅನಿಸುತ್ತದೆ. ಕೇಬಲ್‌ಗೆ ಸಾವಿರಗಟ್ಟಲೆ ಸುರಿಯಬೇಡಿ. ಇಷ್ಟು ಚಿಕ್ಕ ಹಾಲ್‌ಗೆ 16 ಗೇಜ್‌ನ ಶುದ್ಧ ತಾಮ್ರದ ವೈರ್ ಧಾರಾಳ ಸಾಕು.

ಇನ್ನೂ ಎರಡು ಮನಸ್ಸಿನಲ್ಲಿದ್ದರೆ ನಡುವಿನ ದಾರಿಯೊಂದಿದೆ. ಆಕ್ಟಿವ್ ಸ್ಪೀಕರ್ ಕೇಳಿ. ಆಂಪ್ಲಿಫೈಯರ್ ಒಳಗೇ ಇರುವ ಜೋಡಿ ಸ್ಪೀಕರ್ ಇವು. ಬೇರೆ ಪೆಟ್ಟಿಗೆ ಬೇಡ. ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ಇರುವ ಮಾಡೆಲ್ ಆದರೆ ಟಿವಿಗೆ ನೇರ ಸೇರುತ್ತದೆ, ಹಾಡಿಗೆ ಬ್ಲೂಟೂತ್ ಇರುತ್ತದೆ. ಇಬ್ಬರು ಮೂವರಿರುವ ಮನೆಗೆ, ಸೋಫಾ ಟಿವಿಯ ನೇರಕ್ಕೇ ಇರುವ ಹಾಲ್‌ಗೆ ನಾನು ಮೊದಲು ಹೇಳುವುದು ಇದನ್ನೇ. ಎಆರ್‌ಸಿ ಇರುವ ಮಾಡೆಲ್ ಹುಡುಕಲು ಸ್ವಲ್ಪ ಓಡಾಡಬೇಕಾಗುತ್ತದೆ, ಓಡಾಡಿ. ಬರೀ ಬ್ಲೂಟೂತ್ ಮತ್ತು ಆಕ್ಸ್ (ಹೆಡ್‌ಫೋನ್ ತೂತಿನಂಥದ್ದು) ಇರುವುದನ್ನು ಟಿವಿಗೆಂದು ತಂದರೆ ವಾಲ್ಯೂಮ್‌ಗೆ ಇನ್ನೊಂದು ರಿಮೋಟ್ ಹಿಡಿಯಬೇಕಾಗುತ್ತದೆ, ಮನೆಯ ಹಿರಿಯರು ನಾಲ್ಕೇ ದಿನದಲ್ಲಿ ಮತ್ತೆ ಟಿವಿಯ ಸ್ಪೀಕರ್‌ಗೇ ಮರಳುತ್ತಾರೆ.